ನೆಹೆಮೀಯನ ಮೂರನೆಯ ಶತ್ರು: ಅರಬಿಯನಾದ ಗೆಷೆಮ್ ಯಾರು?

ಪ್ರಶ್ನೆ: ನಮ್ಮ ಸಭೆಯ ಬೈಬಲ್ ಅಧ್ಯಯನದಲ್ಲಿ ಈಗ ನೆಹೆಮೀಯನ ಪುಸ್ತಕ ನಡೆಯುತ್ತಿದೆ. ನೆಹೆಮೀಯ ಯೆರೂಸಲೇಮಿನ ಗೋಡೆ ಕಟ್ಟಿಸುವಾಗ ಅಡ್ಡ ಬಂದ ಸನ್ಬಲ್ಲಟ, ಟೋಬೀಯರ ಬಗ್ಗೆ ಬೇಕಾದಷ್ಟು ಕೇಳಿದ್ದೇವೆ. ಮೂರನೆಯವನಾದ ಗೆಷೆಮನ ಬಗ್ಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ. ಅವನು ಅವರಿಬ್ಬರ ಬಾಲಂಗೋಚಿ ಅಷ್ಟೇನಾ? ನಮ್ಮ ಹಿರಿಯರೊಬ್ಬರು "ಅರಬರಿಗೂ ಯೆಹೂದ್ಯರಿಗೂ ಜಗಳ ಶುರುವಾದದ್ದೇ ಇವನಿಂದ, ಇವನು ಮುಸ್ಲಿಮರ ಮೂಲಪುರುಷ" ಎಂದರು. ಹೌದಾ? ಗೋಡೆ ಮುಗಿದ ಮೇಲೆ ಅವನು ಏನಾದ?

ಉತ್ತರ: ಬಾಲಂಗೋಚಿ ಅಂತೂ ಅಲ್ಲ. ನನ್ನ ಲೆಕ್ಕದಲ್ಲಿ ಆ ಮೂವರಲ್ಲಿ ಜಾಸ್ತಿ ತೂಕದ ಮನುಷ್ಯ ಇವನೇ. ಆದರೆ ಬೈಬಲ್ ಒಂದನ್ನೇ ಓದಿದರೆ ಅದು ಕಾಣುವುದಿಲ್ಲ. ಯಾಕೆಂದರೆ ನೆಹೆಮೀಯ ಇವನ ಪರಿಚಯ ಮಾಡಿಕೊಡುವುದೇ ಇಲ್ಲ. "ಅರಬಿಯನಾದ ಗೆಷೆಮ್" ಅಂದು ಮುಂದೆ ಹೋಗಿಬಿಡುತ್ತಾನೆ. ಆ ಕಾಲದ ಓದುಗರಿಗೆ ಅಷ್ಟು ಸಾಕಾಗಿತ್ತು ಅಂತ ಕಾಣುತ್ತದೆ. ನಮಗೆ ಸಾಲದು.

ಇಡೀ ಪುಸ್ತಕದಲ್ಲಿ ಅವನ ಹೆಸರು ಬರುವುದು ನಾಲ್ಕೇ ವಚನಗಳಲ್ಲಿ: 2:19, 6:1, 6:2, 6:6. ಈ ನಾಲ್ಕನ್ನು ಓದುವ ಮೊದಲು ಅವನು ಎಲ್ಲೆಲ್ಲಿ ಇಲ್ಲ ಅಂತ ನೋಡಿ. 2:10ರಲ್ಲಿ ನೆಹೆಮೀಯ ಪರ್ಷಿಯಾದ ರಾಜನ ಪತ್ರಗಳನ್ನು ಹಿಡಿದು ಬರುತ್ತಾನೆ. ಇಸ್ರಾಯೇಲ್ಯರ ಹಿತ ನೋಡಲು ಒಬ್ಬ ಬಂದನಲ್ಲ ಅಂತ ಇಬ್ಬರಿಗೆ ಹೊಟ್ಟೆ ಉರಿಯುತ್ತದೆ. ಸನ್ಬಲ್ಲಟನಿಗೆ, ಟೋಬೀಯನಿಗೆ. ಗೆಷೆಮ್ ಆ ಸಾಲಿನಲ್ಲಿಲ್ಲ. ಇನ್ನು 6:14ಕ್ಕೆ ಬನ್ನಿ. ಅಲ್ಲಿ ನೆಹೆಮೀಯ, ಇವರು ಮಾಡಿದ್ದನ್ನು ನೆನಪಿಟ್ಟುಕೋ ದೇವರೇ ಅಂತ ಪ್ರಾರ್ಥಿಸುತ್ತಾನೆ. ಟೋಬೀಯನ ಹೆಸರಿದೆ, ಸನ್ಬಲ್ಲಟನ ಹೆಸರಿದೆ, ನೋವದ್ಯ ಎಂಬ ಪ್ರವಾದಿನಿಯ ಹೆಸರೂ ಇದೆ. ಗೆಷೆಮನ ಹೆಸರಿಲ್ಲ! ಅದೇ ಅಧ್ಯಾಯದ ಕೊನೆಯಲ್ಲಿ ಯೆಹೂದದ ಶ್ರೀಮಂತರು ಕದ್ದುಮುಚ್ಚಿ ಕಾಗದ ಬರೆಯುವುದು ಟೋಬೀಯನಿಗೆ. 13ನೇ ಅಧ್ಯಾಯದಲ್ಲಿ ದೇವಾಲಯದ ಕೊಠಡಿಯಿಂದ ಸಾಮಾನು ಹೊರಗೆ ಎಸೆಸಿಕೊಳ್ಳುವವನೂ ಟೋಬೀಯನೇ. ಮಹಾಯಾಜಕನ ಮನೆತನಕ್ಕೆ ಮಗಳನ್ನು ಕೊಟ್ಟವನು ಸನ್ಬಲ್ಲಟ. ಯೆರೂಸಲೇಮಿನ ಒಳಜಗಳದಲ್ಲಿ ಗೆಷೆಮನ ನೆರಳೂ ಇಲ್ಲ.

ಹಾಗಾದರೆ ಅವನು ಇರುವುದು ಎಲ್ಲಿ? 2:19ರಲ್ಲಿ ಮೂವರೂ ಸೇರಿ ಗೇಲಿ ಮಾಡುತ್ತಾರೆ. ಗೇಲಿಯ ಕೊನೆಗೆ ಒಂದು ಪ್ರಶ್ನೆ: ನೀವು ರಾಜನ ವಿರುದ್ಧ ದಂಗೆ ಏಳುತ್ತಿದ್ದೀರಾ? 6:6ರಲ್ಲಿ ಸನ್ಬಲ್ಲಟ ಕಾಗದ ಬರೆಯುತ್ತಾನೆ. ನೀನೂ ಯೆಹೂದ್ಯರೂ ದಂಗೆಗೆ ತಯಾರಿ ನಡೆಸಿದ್ದೀರಿ ಅಂತ ಸುತ್ತಲಿನ ಜನಾಂಗಗಳಲ್ಲಿ ಸುದ್ದಿ ಇದೆ, ಗಷ್ಮು ಕೂಡ ಹಾಗೇ ಹೇಳುತ್ತಾನೆ ಅಂತ. ಗಷ್ಮು ಅಂದರೂ ಗೆಷೆಮನೇ, ಆ ವಚನದಲ್ಲಿ ಹೆಸರು ಅವನ ಅರಬಿ ರೂಪದಲ್ಲಿ ಬಂದಿದೆ ಅಷ್ಟೆ. ನಡುವಿನ ಎರಡು ವಚನಗಳು ಓನೋ ಬಯಲಿನ ಸಭೆಯವು, ಅದಕ್ಕೆ ಆಮೇಲೆ ಬರುತ್ತೇನೆ. ಈಗ ಇಷ್ಟು ಗಮನಿಸಿ. ದಂಗೆ ಎಂಬ ಮಾತು ಬಂದಾಗಲೆಲ್ಲ ಪಕ್ಕದಲ್ಲಿ ಗೆಷೆಮ್ ನಿಂತಿದ್ದಾನೆ. ಅವನ ಕಥೆಯ ಕೀಲಿ ಇರುವುದು ಅಲ್ಲೇ.

ದಂಗೆ ಅನ್ನುವುದು ಆಗ ಬಾಯಿಗೆ ಬಂದ ಬೈಗುಳ ಆಗಿರಲಿಲ್ಲ. ನೆಹೆಮೀಯ ಹೊರಟದ್ದು ಕ್ರಿ.ಪೂ. 445ರಲ್ಲಿ, ಪರ್ಷಿಯಾದ ಅರಸ ಒಂದನೇ ಅರ್ತಷಸ್ತನ 20ನೇ ವರ್ಷದಲ್ಲಿ. ಅದಕ್ಕೆ ಸುಮಾರು ಹದಿನೈದು ವರ್ಷ ಹಿಂದೆ ಈಜಿಪ್ಟಿನಲ್ಲಿ ಇನಾರೋಸ್ ಎಂಬವನು ಭಾರಿ ದಂಗೆ ಎದ್ದಿದ್ದ. ಅಥೆನ್ಸಿನವರು ಹಡಗು ಕಳಿಸಿ ಅವನಿಗೆ ಬೆಂಬಲ ಕೊಟ್ಟಿದ್ದರು. ಅದನ್ನು ಅಡಗಿಸಲು ಪರ್ಷಿಯನ್ನರಿಗೆ ವರ್ಷಗಟ್ಟಲೆ ಹಿಡಿಯಿತು. ಅಡಗಿಸಿದ ಸೇನಾಪತಿ ಮೆಗಾಬಿಜಸ್ ಆಮೇಲೆ ತಾನೇ ಸಿರಿಯಾದಲ್ಲಿ ರಾಜನಿಗೆ ತಿರುಗಿಬಿದ್ದ ಅಂತ ಗ್ರೀಕ್ ಬರಹಗಾರ ಕ್ತೀಸಿಯಸ್ ಹೇಳುತ್ತಾನೆ. ಅಂದರೆ ಈಜಿಪ್ಟಿಗೆ ಹೋಗುವ ದಾರಿಯ ಪಕ್ಕದಲ್ಲಿ ಯಾವ ಊರು ಗೋಡೆ ಕಟ್ಟಿದರೂ ಪರ್ಷಿಯಾದ ರಾಜನ ಶೂಷನ್ ಅರಮನೆಯಲ್ಲಿ ಕಿವಿ ನೆಟ್ಟಗಾಗುವ ಕಾಲ ಅದು. ಎಜ್ರನ ಪುಸ್ತಕದ 4ನೇ ಅಧ್ಯಾಯ ತೆಗೆದು ನೋಡಿ. ಇದೇ ಅರ್ತಷಸ್ತನಿಗೆ ಸಮಾರ್ಯದ ಅಧಿಕಾರಿಗಳು ಒಂದು ದೂರು ಬರೆದಿದ್ದರು. ಯೆರೂಸಲೇಮ್ ಹಿಂದಿನಿಂದಲೂ ದಂಗೆಕೋರ ಪಟ್ಟಣ, ಗೋಡೆ ಎದ್ದರೆ ನಿಮಗೆ ತೆರಿಗೆ ಬರುವುದಿಲ್ಲ ಅಂತ. ರಾಜ ಹಳೆಯ ದಾಖಲೆ ಹುಡುಕಿಸಿದ, ಕೆಲಸ ನಿಲ್ಲಿಸಿ ಅಂತ ಅಪ್ಪಣೆ ಕೊಟ್ಟ. ಒಂದು ಸಲ ಫಲ ಕೊಟ್ಟ ಆರೋಪ ಅದು. ಅದನ್ನೇ ಇನ್ನೊಮ್ಮೆ ಎತ್ತಿದರು.

ಆದರೆ ಈ ಸಲ ನೆಹೆಮೀಯನ ಕೈಯಲ್ಲಿ ರಾಜನದೇ ಪತ್ರ ಇತ್ತು. ಅವನು ಅರಮನೆಯ ಪಾನಸೇವಕ, ರಾಜನಿಗೆ ಹತ್ತಿರದವನು. ಅವನ ಮೇಲೆ ದಂಗೆಯ ಆರೋಪ ಹೊರಿಸಿದರೆ ಸನ್ಬಲ್ಲಟನ ಮಾತನ್ನು ಯಾರು ನಂಬುತ್ತಾರೆ? ಪಕ್ಕದ ಪ್ರಾಂತ್ಯದವನು, ಹೊಟ್ಟೆಕಿಚ್ಚಿಗೆ ಹೇಳುತ್ತಾನೆ ಅಂದುಬಿಡಬಹುದು. ಹಾಗಾಗಿ ಅವನಿಗೆ ಬೇರೆ ಒಂದು ಹೆಸರು ಬೇಕಿತ್ತು. ನಮ್ಮಲ್ಲಿ ಮೂಗರ್ಜಿ ಬರೆಯುವವರು "ಇಂಥ ಸಾಹುಕಾರರಿಗೂ ಈ ವಿಷಯ ಗೊತ್ತಿದೆ" ಅಂತ ಒಂದು ಸಾಲು ಸೇರಿಸುತ್ತಾರಲ್ಲ, "ಗಷ್ಮು ಕೂಡ ಹೇಳುತ್ತಾನೆ" ಅನ್ನುವುದು ಅಂಥದ್ದೇ ಸಾಲು.

ಗೆಷೆಮನ ಹೆಸರಿಗೆ ಆ ಬೆಲೆ ಎಲ್ಲಿಂದ ಬಂತು? ಇದಕ್ಕೆ ಬೈಬಲಿನ ಆಚೆ ಹೋಗಬೇಕು. ಮೊದಲ ನಿಲ್ದಾಣ ಈಜಿಪ್ಟು.

ನೈಲ್ ನದಿಯ ಮುಖಜಭೂಮಿಯ ಪೂರ್ವಕ್ಕೆ ವಾದಿ ತುಮಿಲಾತ್ ಅಂತ ಒಂದು ಕಣಿವೆ ಇದೆ. ಅಲ್ಲಿ ತೆಲ್ ಎಲ್-ಮಸ್ಖೂತಾ ಎಂಬ ಹಳೆಯ ದಿಬ್ಬ. ಪರ್ಷಿಯಾದ ದೊರೆ ಮೊದಲನೇ ದಾರ್ಯಾವೆಷ ನೈಲ್ ನದಿಯಿಂದ ಕೆಂಪು ಸಮುದ್ರಕ್ಕೆ ಕಾಲುವೆ ತೋಡಿಸಿದ್ದು ಈ ಕಣಿವೆಯಲ್ಲೇ. ಆ ದಿಬ್ಬದಲ್ಲಿ ಕಳೆದ ಶತಮಾನದ ಮಧ್ಯದಲ್ಲಿ ಒಂದಷ್ಟು ಬೆಳ್ಳಿ ಪಾತ್ರೆಗಳು ಸಿಕ್ಕವು. ಜೊತೆಗೆ ಅಥೆನ್ಸಿನ ಗೂಬೆ ನಾಣ್ಯಗಳ ದೊಡ್ಡ ರಾಶಿ. ಒಂದು ಬೆಳ್ಳಿ ಬಟ್ಟಲಿನ ಮೇಲೆ ಅರಾಮಾಯ ಅಕ್ಷರಗಳಲ್ಲಿ ಒಂದೇ ಸಾಲು ಕೆತ್ತಿದ್ದಾರೆ. ಅದರ ಸಾರ ಇಷ್ಟು: ಗೆಷೆಮನ ಮಗ, ಕೇದಾರಿನ ಅರಸ ಕೈನು, ಹನ್-ಇಲಾತ್ ದೇವಿಗೆ ಅರ್ಪಿಸಿದ್ದು. ಈಗ ಆ ಬಟ್ಟಲು ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಂನಲ್ಲಿದೆ. ಅದರ ಬರಹವನ್ನು ಐಸಾಕ್ ರಬಿನೋವಿಟ್ಜ್ ಎಂಬ ವಿದ್ವಾಂಸರು 1956ರಲ್ಲಿ ಓದಿ ಪ್ರಕಟಿಸಿದರು.

ಅಕ್ಷರದ ಶೈಲಿ ನೋಡಿ ಬಟ್ಟಲಿಗೆ ಸುಮಾರು ಕ್ರಿ.ಪೂ. 400ರ ಕಾಲ ಕೊಡುತ್ತಾರೆ. ನೆಹೆಮೀಯ ಬಂದದ್ದು 445ರಲ್ಲಿ. ಅಪ್ಪನಿಗೂ ಮಗನಿಗೂ ನಡುವೆ ಇರಬೇಕಾದಷ್ಟೇ ಅಂತರ. ಇದೇ ಗೆಷೆಮ್ ಅಂತ ಬಟ್ಟಲು ತಾನಾಗಿ ಹೇಳುವುದಿಲ್ಲ, ನಿಜ. ಆದರೆ ಕಾಲ ಸರಿಹೊಂದುತ್ತದೆ. ಹೆಸರು ಹೊಂದುತ್ತದೆ. ಅರಬರ ಮುಖಂಡ ಅನ್ನುವ ಸ್ಥಾನವೂ ಹೊಂದುತ್ತದೆ. ಹೆಚ್ಚಿನ ವಿದ್ವಾಂಸರು ಇವನೇ ಅವನು ಅಂತ ಒಪ್ಪಿದ್ದಾರೆ, ನಾನೂ ಆ ಪಕ್ಷದವನೇ. ಸೌದಿ ಅರೇಬಿಯಾದ ಅಲ್-ಉಲಾ, ಅಂದರೆ ಬೈಬಲಿನ ದೆದಾನ್, ಅಲ್ಲಿನ ಬಂಡೆಯ ಮೇಲೂ ಶಹರನ ಮಗ ಗಶ್ಮ್ ಎಂಬ ಹೆಸರಿನ ಒಂದು ಶಾಸನ ಇದೆ. ಅದರಲ್ಲಿ ದೆದಾನಿನ ರಾಜ್ಯಪಾಲನ ಹೆಸರೂ ಬರುತ್ತದೆ. ಅದನ್ನೂ ಇವನಿಗೇ ಅಂಟಿಸುವವರಿದ್ದಾರೆ. ಆ ಶಾಸನದ ಕಾಲದ ಬಗ್ಗೆಯೇ ಜಗಳ ಇದೆ, ಹಾಗಾಗಿ ನಾನು ಅದರ ಮೇಲೆ ಭಾರ ಹಾಕುವುದಿಲ್ಲ. ಬೆಳ್ಳಿ ಬಟ್ಟಲೇ ಸಾಕು.

ಕೇದಾರ್ ಅನ್ನುವ ಈ ಅರಬ ಕುಲದ ಹೆಸರು ನಿಮಗೆ ಹೊಸದಲ್ಲ. ಆದಿಕಾಂಡ 25ರಲ್ಲಿ ಇಷ್ಮಾಯೇಲನ ಎರಡನೆಯ ಮಗ ಕೇದಾರ್. ಪರಮಗೀತದ ಹುಡುಗಿ ತನ್ನ ಕಪ್ಪು ಬಣ್ಣಕ್ಕೆ ಕೇದಾರಿನ ಗುಡಾರಗಳ ಹೋಲಿಕೆ ಕೊಡುತ್ತಾಳೆ. ತೂರ್ ಪಟ್ಟಣಕ್ಕೆ ಕುರಿಮರಿ, ಟಗರು, ಹೋತಗಳನ್ನು ಮಾರುತ್ತಿದ್ದವರಲ್ಲಿ ಕೇದಾರಿನ ಪ್ರಭುಗಳೂ ಇದ್ದರು ಅಂತ ಯೆಹೆಜ್ಕೇಲ 27 ಹೇಳುತ್ತದೆ. ಅಶ್ಶೂರದ ಅರಸರ ದಾಖಲೆಗಳಲ್ಲೂ ಈ ಜನ ಮತ್ತೆ ಮತ್ತೆ ಬರುತ್ತಾರೆ. ಒಂದು ಸಲ ಕಪ್ಪ ಕೊಡುತ್ತಾರೆ, ಇನ್ನೊಂದು ಸಲ ಕೊಡದೆ ಮರುಭೂಮಿಗೆ ಓಡುತ್ತಾರೆ. ಗುಡಾರದಲ್ಲಿ ಇರುವವರು ಅಂದ ಮಾತ್ರಕ್ಕೆ ಬಡವರು ಅಂದುಕೊಳ್ಳಬೇಡಿ. ದಕ್ಷಿಣ ಅರೇಬಿಯಾದ ಧೂಪ, ರಕ್ತಬೋಳ ಒಂಟೆಗಳ ಮೇಲೆ ದೆದಾನ್, ತೇಮಾ ದಾಟಿ ಗಾಜಾದ ಬಂದರಿಗೆ ಬರುತ್ತಿತ್ತು. ಗ್ರೀಸಿನಿಂದ ಬಾಬೆಲಿನವರೆಗೆ ಯಾವ ದೇವಸ್ಥಾನದಲ್ಲಿ ಹೊಗೆ ಏಳಬೇಕಾದರೂ ಆ ಸರಕು ಬೇಕು. ದಾರಿಯಲ್ಲಿ ಬಾವಿ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ದುಡ್ಡು.

ಇನ್ನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್. ಇವನು ನೆಹೆಮೀಯನ ಸಮಕಾಲೀನ ಅನ್ನುವುದನ್ನು ನಾವು ಮರೆತುಬಿಡುತ್ತೇವೆ. ತನ್ನ ಮೂರನೆಯ ಪುಸ್ತಕದಲ್ಲಿ ಅವನು ಅರಬರ ಬಗ್ಗೆ ಬರೆದದ್ದನ್ನು ಓದಿದರೆ ಗೆಷೆಮನ ಚಿತ್ರ ತುಂಬಿಕೊಳ್ಳುತ್ತದೆ. ಕ್ರಿ.ಪೂ. 525ರಲ್ಲಿ ಪರ್ಷಿಯಾದ ಕ್ಯಾಂಬಿಸೆಸ್ ಈಜಿಪ್ಟಿನ ಮೇಲೆ ದಂಡೆತ್ತಿ ಹೋದ. ಗಾಜಾ ದಾಟಿದ ಮೇಲೆ ಸೀನಾಯಿ ಮರುಭೂಮಿ. ಹನಿ ನೀರಿಲ್ಲ. ಅರಬರ ಅರಸ ಚರ್ಮದ ಚೀಲಗಳಲ್ಲಿ ನೀರು ತುಂಬಿಸಿ, ಒಂಟೆಗಳ ಮೇಲೆ ಹೇರಿಸಿ, ದಂಡು ಬರುವಷ್ಟರಲ್ಲಿ ದಾರಿಯಲ್ಲಿ ಕಾಯಿಸಿದ. (ಚರ್ಮ ಹೊಲಿದು ಉದ್ದನೆಯ ಕೊಳವೆ ಮಾಡಿ ನದಿಯಿಂದಲೇ ನೀರು ಹರಿಸಿದ ಅಂತ ಇನ್ನೊಂದು ಕಥೆಯನ್ನೂ ಹೇಳುತ್ತಾನೆ. ಅದನ್ನು ಅವನೇ ಅಷ್ಟಾಗಿ ನಂಬಿಲ್ಲ.) ಅರಬರು ಒಪ್ಪದಿದ್ದರೆ ಪರ್ಷಿಯನ್ನರು ಈಜಿಪ್ಟಿಗೆ ಕಾಲಿಡಲು ಆಗುತ್ತಿರಲಿಲ್ಲ ಅಂತ ಹೆರೊಡೋಟಸ್ ನೇರವಾಗಿ ಬರೆಯುತ್ತಾನೆ. ಅದಕ್ಕೇ ಪರ್ಷಿಯನ್ನರು ಅವರನ್ನು ಅಡಿಯಾಳು ಮಾಡಿಕೊಳ್ಳಲಿಲ್ಲ, ಸ್ನೇಹಿತರಾಗಿ ಇಟ್ಟುಕೊಂಡರು. ಗಾಜಾದಿಂದ ಆಚೆಗೆ ಕರಾವಳಿಯ ಒಂದು ತುಂಡು ಅರಬರ ಅರಸನದೇ. ಸಿರಿಯಾ, ಪ್ಯಾಲೆಸ್ತೀನ್ ಎಲ್ಲ ಸೇರಿದ ಪ್ರಾಂತ್ಯ 350 ತಲಾಂತು (ಆ ಕಾಲದ ಒಂದು ತೂಕದ ಅಳತೆ) ತೆರಿಗೆ ಕಟ್ಟಬೇಕು, ಆದರೆ ಅರಬರ ಪಾಲಿಗೆ ತೆರಿಗೆ ಇಲ್ಲ. ಬದಲಿಗೆ ವರ್ಷಕ್ಕೆ 1000 ತಲಾಂತು ತೂಕದ ಧೂಪವನ್ನು ಕಾಣಿಕೆ ಅಂತ ಕೊಡುತ್ತಿದ್ದರು. ನಮ್ಮ ಲೆಕ್ಕದಲ್ಲಿ ಸುಮಾರು 25ರಿಂದ 30 ಟನ್.

ಇದನ್ನು ನೆಹೆಮೀಯ 5ನೇ ಅಧ್ಯಾಯದ ಪಕ್ಕದಲ್ಲಿ ಇಟ್ಟು ನೋಡಿ. ರಾಜನ ತೆರಿಗೆ ಕಟ್ಟಲು ಹೊಲ, ದ್ರಾಕ್ಷಿತೋಟ ಅಡವಿಟ್ಟು ಸಾಲ ಮಾಡಿದ್ದೇವೆ, ನಮ್ಮ ಮಕ್ಕಳನ್ನು ಜೀತಕ್ಕೆ ಕಳಿಸುವ ಗತಿ ಬಂದಿದೆ ಅಂತ ಯೆಹೂದದ ಜನ ಅಲ್ಲಿ ಬೊಬ್ಬೆ ಹೊಡೆಯುತ್ತಾರೆ. ಅದೇ ಪ್ರಾಂತ್ಯ, ಅದೇ ರಾಜ. ಒಬ್ಬರು ಮಕ್ಕಳನ್ನು ಅಡವಿಡುತ್ತಿದ್ದಾರೆ, ಪಕ್ಕದವನು ತೆರಿಗೆಯ ಪಟ್ಟಿಯಲ್ಲೇ ಇಲ್ಲ. 7:4ರಲ್ಲಿ ನೆಹೆಮೀಯನೇ ಹೇಳುವಂತೆ ಯೆರೂಸಲೇಮ್ ಅಗಲವಾಗಿತ್ತು, ಜನ ಮಾತ್ರ ಕಡಿಮೆ. ಹತ್ತರಲ್ಲಿ ಒಬ್ಬನನ್ನು ಚೀಟಿ ಹಾಕಿ ಪಟ್ಟಣಕ್ಕೆ ಕರೆತರಬೇಕಾಯಿತು ಅಂತ 11ನೇ ಅಧ್ಯಾಯದಲ್ಲಿದೆ. ಅಂಥ ಊರಿನ ಮುಂದೆ ಗೆಷೆಮ್ ಸಣ್ಣವನೇ? ಪುಸ್ತಕದಲ್ಲಿ ಅವನಿಗೆ ಸಿಕ್ಕ ಜಾಗ ಸಣ್ಣದು, ಅಷ್ಟೆ. ಬರೆದವನು ನೆಹೆಮೀಯ, ಅವನ ಕಣ್ಣು ಗೋಡೆಯ ಮೇಲಿತ್ತು.

ಈಗ ಆ ಕಾಗದಕ್ಕೆ ಮರಳೋಣ. ಆ ಕಾಲದಲ್ಲಿ ಕಾಗದವನ್ನು ಸುರುಳಿ ಸುತ್ತಿ, ದಾರ ಕಟ್ಟಿ, ಮಣ್ಣಿನ ಮುದ್ರೆ ಒತ್ತಿ ಕಳಿಸುತ್ತಿದ್ದರು. ಸನ್ಬಲ್ಲಟ ನಾಲ್ಕು ಸಲ ಕರೆ ಕಳಿಸಿ ಸೋತ ಮೇಲೆ ಐದನೇ ಸಲ ಕಳಿಸಿದ್ದು ಮುಚ್ಚದ ಕಾಗದ. ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಓದಲಿ ಅಂತಲೇ ಹಾಗೆ ಕಳಿಸಿದ್ದು! ಸುದ್ದಿ ಊರೆಲ್ಲ ಹಬ್ಬಲಿ, ಕೆಲಸಗಾರರ ಕೈ ನಡುಗಲಿ ಅಂತ. ಅದರಲ್ಲಿ ಗಷ್ಮುವಿನ ಹೆಸರು ಇತ್ತು. ಓದಿದ ಯೆಹೂದ್ಯ ಶ್ರೀಮಂತನಿಗೆ ಏನನಿಸಿರಬೇಕು? ಈಜಿಪ್ಟಿನ ದಾರಿ ಕಾಯುವವನು, ರಾಜನ ಸ್ನೇಹಿತ, ಅವನೇ ಹೀಗೆ ಹೇಳುತ್ತಾನಂತೆ. ಈ ಮಾತು ಶೂಷನ್‌ಗೆ ಹೋದರೆ ನಮ್ಮ ಗತಿ ಏನು?

ಗೆಷೆಮ್ ನಿಜವಾಗಿ ಹಾಗೆ ಹೇಳಿದ್ದನೋ, ಸನ್ಬಲ್ಲಟ ಸುಮ್ನೆ ಅವನ ಹೆಸರು ಸೇರಿಸಿದನೋ, ಪುಸ್ತಕ ಬಿಡಿಸಿ ಹೇಳುವುದಿಲ್ಲ. ಗೆಷೆಮ್ ಸ್ವತಃ ಬರೆದ ಕಾಗದ ಯಾವುದೂ ಅಲ್ಲಿಲ್ಲ. ಇರುವುದು ಇನ್ನೊಬ್ಬನ ಕಾಗದದಲ್ಲಿ ಅವನ ಹೆಸರು ಮಾತ್ರ. ನೆಹೆಮೀಯನ ಉತ್ತರವೂ ಗೆಷೆಮನಿಗಲ್ಲ, ಸನ್ಬಲ್ಲಟನಿಗೆ: ನೀನು ಹೇಳುವಂಥದ್ದು ಏನೂ ನಡೆದಿಲ್ಲ, ಎಲ್ಲ ನಿನ್ನ ತಲೆಯಿಂದಲೇ ಹುಟ್ಟಿದ್ದು ಅಂತ. ನನಗೆ ಇದು ಬಹಳ ಜಾಣತನದ ಉತ್ತರ ಅನ್ನಿಸುತ್ತದೆ. ಗೆಷೆಮ್ ಸುಳ್ಳುಗಾರ ಅಂತ ಅವನು ಎಲ್ಲೂ ಬರೆಯಲಿಲ್ಲ. ತಪ್ಪನ್ನೆಲ್ಲ ಸನ್ಬಲ್ಲಟನ ತಲೆಗೆ ಕಟ್ಟಿ, ಅರಬನಿಗೆ ಹಿಂದೆ ಸರಿಯಲು ಜಾಗ ಬಿಟ್ಟ. 6:14ರ ಪ್ರಾರ್ಥನೆಯಲ್ಲಿ ಗೆಷೆಮನ ಹೆಸರು ಇಲ್ಲದಿರುವುದಕ್ಕೂ ಇದಕ್ಕೂ ಸಂಬಂಧ ಇದೆಯೇನೋ. ಇದು ನನ್ನ ಓದು, ಎಲ್ಲರೂ ಒಪ್ಪಬೇಕಿಲ್ಲ.

ಓನೋ ಬಯಲಿನ ವಿಷಯ. ಅದು ಯೆರೂಸಲೇಮಿನಿಂದ ವಾಯುವ್ಯಕ್ಕೆ, ಲೋದ್ ಪಟ್ಟಣದ ಹತ್ತಿರ, ಸುಮಾರು 40 ಕಿ.ಮೀ. ದೂರದ ಬಯಲು. ಈಗಿನ ಟೆಲ್ ಅವೀವ್ ಕಡೆ. ಕರೆದವರು ಸನ್ಬಲ್ಲಟ ಮತ್ತು ಗೆಷೆಮ್ ಅಂತ 6:2 ಹೇಳುತ್ತದೆ. ಟೋಬೀಯನ ಹೆಸರು ಅಲ್ಲಿ ಬಿಟ್ಟುಹೋಗಿದೆ. ಅವನಿಗೆ ಯೆರೂಸಲೇಮಿನ ಒಳಗೇ ಬೀಗರು ಇದ್ದರು, ಅವನ ದಾರಿ ಬೇರೆ. ಈ ಇಬ್ಬರದು ಪಕ್ಕದ ದೊರೆಗಳ ಮಾತುಕತೆಯ ರೀತಿ: ಬಾ, ಯಾರಿಗೂ ಸೇರದ ಜಾಗದಲ್ಲಿ ಕೂತು ಮಾತಾಡೋಣ. ನನಗೆ ಕೇಡು ಮಾಡಲು ಯೋಚಿಸಿದ್ದರು ಅಂತ ನೆಹೆಮೀಯ ಬರೆಯುತ್ತಾನೆ. ಇರಬಹುದು. ಬಾಗಿಲು ಇನ್ನೂ ಕೂರಿಸಿರದ ಊರನ್ನು ಬಿಟ್ಟು ಒಂದೆರಡು ದಿನದ ದಾರಿ ಹೋದರೆ ಹಿಂದೆ ಏನಾಗುತ್ತದೋ ಯಾರಿಗೆ ಗೊತ್ತು. ದೊಡ್ಡ ಕೆಲಸದಲ್ಲಿದ್ದೇನೆ, ಇಳಿದು ಬರಲಾರೆ ಅಂತ ನಾಲ್ಕು ಸಲವೂ ಒಂದೇ ಉತ್ತರ ಕೊಟ್ಟ. ಗೋಡೆ 52 ದಿನಗಳಲ್ಲಿ, ಎಲೂಲ್ ತಿಂಗಳ 25ನೇ ದಿನ ಮುಗಿಯಿತು.

ಗೆಷೆಮನಿಗೆ ಈ ಗೋಡೆಯಿಂದ ಏನು ನಷ್ಟ? ಧರ್ಮದ್ವೇಷ ಅನ್ನುವುದಕ್ಕೆ ಪುಸ್ತಕದಲ್ಲಿ ಆಧಾರ ಇಲ್ಲ. ಭೂಪಟ ನೋಡಿದರೆ ಕಾರಣ ತಾನಾಗಿ ಕಾಣುತ್ತದೆ. ಉತ್ತರಕ್ಕೆ ಸನ್ಬಲ್ಲಟನ ಸಮಾರ್ಯ, ಪೂರ್ವಕ್ಕೆ ಟೋಬೀಯನ ಅಮ್ಮೋನ್, ಪಶ್ಚಿಮಕ್ಕೆ ಅಷ್ಡೋದ್, ದಕ್ಷಿಣಕ್ಕೆ ಅರಬರು. 4ನೇ ಅಧ್ಯಾಯದಲ್ಲಿ ಒಟ್ಟಾಗಿ ಸಿಟ್ಟಾಗುವವರೂ ಈ ನಾಲ್ಕು ದಿಕ್ಕಿನವರೇ. ಯೆಹೂದ ರಾಜ್ಯ ಬಿದ್ದ ಮೇಲೆ ದಕ್ಷಿಣದ ಗುಡ್ಡಗಳಿಗೆ ಎದೋಮ್ಯರು, ಅರಬರು ಬಂದು ನೆಲೆಸಿದ್ದರು. ಬೇರ್ಷೆಬ, ಅರಾದ್ ಕಡೆ ಸಿಕ್ಕ ಮಡಕೆ ಚೂರುಗಳ ಬರಹಗಳಲ್ಲಿ ಅರಬಿ ಹೆಸರುಗಳು ಬೇಕಾದಷ್ಟಿವೆ, ಅವು ಇದಕ್ಕಿಂತ ಸ್ವಲ್ಪ ಈಚಿನವು. ಸುಮಾರು ನೂರ ನಲವತ್ತು ವರ್ಷ ಗೋಡೆ ಪಾಳು ಬಿದ್ದಿದ್ದ ಊರು ಗೋಡೆ ಕಟ್ಟಿಕೊಂಡು, ರಾಜನಿಂದ ನೇಮಕವಾದ ಅಧಿಪತಿಯನ್ನು ಇಟ್ಟುಕೊಂಡು ಎದ್ದು ನಿಂತರೆ ಈ ನಾಲ್ವರ ಹಳೆಯ ಹೊಂದಾಣಿಕೆ ಕೆಡುತ್ತದೆ. ನಾಳೆ ಆ ಅಧಿಪತಿ ನಮ್ಮ ಹಳೆಯ ಗಡಿ ಎಲ್ಲಿ ಅಂತ ಕೇಳಿದರೆ? ಗಾಜಾಕ್ಕೆ ಹೋಗುವ ಸರಕಿನ ಮೇಲೆ ಸುಂಕ ಕೇಳಿದರೆ? ಜಾಗ, ಸುಂಕ, ರಾಜನ ಕೃಪೆ. ಜಗಳ ಇದ್ದದ್ದು ಇವುಗಳ ಮೇಲೆ ಅಂತ ನನ್ನ ಅಭಿಪ್ರಾಯ.

ಹಾಗಂತ ಗೆಷೆಮನನ್ನು ಸಾಧು ಮಾಡಲು ಹೊರಟಿಲ್ಲ. 4ನೇ ಅಧ್ಯಾಯದ ಒಳಸಂಚಿನಲ್ಲಿ ಅರಬರೂ ಸೇರಿದ್ದರು. ಗೊತ್ತಾಗದ ಹಾಗೆ ನುಗ್ಗಿ ಕೊಂದು ಕೆಲಸ ನಿಲ್ಲಿಸುವ ಮಾತು ಅಲ್ಲಿದೆ. ಕೆಲಸಗಾರರು ಒಂದು ಕೈಯಲ್ಲಿ ಕೆಲಸ, ಇನ್ನೊಂದು ಕೈಯಲ್ಲಿ ಆಯುಧ ಹಿಡಿದದ್ದು ಸುಮ್ನೆ ಅಲ್ಲ. ಆದರೆ ಎಸ್ತೇರಳ ಪುಸ್ತಕದ ಹಾಮಾನನ ಪಕ್ಕದಲ್ಲಿ ಇವನನ್ನು ಕೂರಿಸಬೇಡಿ. ಹಾಮಾನ ಇಡೀ ಜನಾಂಗವನ್ನೇ ಅಳಿಸಲು ದಿನ ಗೊತ್ತು ಮಾಡಿದವನು. ಇವನಿಗೆ ಒಂದು ಗೋಡೆ ಏಳಬಾರದಿತ್ತು.

ಇನ್ನು ನಿಮ್ಮ ಹಿರಿಯರ ಮಾತು. ಅವರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಅದು ಸರಿಯಲ್ಲ. ಇಸ್ಲಾಂ ಬಂದದ್ದು ಗೆಷೆಮನ ಕಾಲಕ್ಕಿಂತ ಸಾವಿರ ವರ್ಷಕ್ಕೂ ಈಚೆ. ಅಷ್ಟೇ ಅಲ್ಲ, ಬೆಳ್ಳಿ ಬಟ್ಟಲನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ಗೆಷೆಮನ ಮಗ ಹರಕೆ ಕೊಟ್ಟದ್ದು ಹನ್-ಇಲಾತ್ ದೇವಿಗೆ. ಅರಬರು ಅಲಿಲಾತ್ ಎಂಬ ದೇವಿಯನ್ನು ಪೂಜಿಸುತ್ತಾರೆ ಅಂತ ಹೆರೊಡೋಟಸ್ ಬರೆದದ್ದೂ ಇವಳ ಬಗ್ಗೆಯೇ. ಇದೇ ಪರಂಪರೆಯ ಅಲ್-ಲಾತ್ ದೇವಿಯ ಪೂಜೆಯನ್ನು ಕುರಾನ್ 53ನೇ ಅಧ್ಯಾಯದಲ್ಲಿ ಹೆಸರು ಹಿಡಿದು ತಳ್ಳಿಹಾಕುತ್ತದೆ. ಗೆಷೆಮನ ಮನೆತನದ ದೇವಿಯನ್ನು ಮುಸ್ಲಿಮರು ಒಪ್ಪುವುದಿಲ್ಲ ಅಂದ ಮೇಲೆ ಅವನು ಅವರ ಮೂಲಪುರುಷ ಹೇಗಾಗುತ್ತಾನೆ?

ಜಗಳ ಇವನಿಂದ ಶುರುವಾಯಿತು ಅನ್ನುವುದನ್ನೂ ಬೈಬಲ್ ಒಪ್ಪುವುದಿಲ್ಲ. ದಾವೀದನ ಒಂಟೆಗಳನ್ನು ನೋಡಿಕೊಳ್ಳುತ್ತಿದ್ದವನು ಇಷ್ಮಾಯೇಲ್ಯನಾದ, ಅಂದರೆ ಕೇದಾರಿನ ಅಪ್ಪ ಇಷ್ಮಾಯೇಲನ ವಂಶದ ಓಬೀಲ. ಇದು ಒಂದನೇ ಪೂರ್ವಕಾಲವೃತ್ತಾಂತ 27ರಲ್ಲಿದೆ. ಅದೇ ಪುಸ್ತಕದ 2:17ರ ಪ್ರಕಾರ ದಾವೀದನ ಸೋದರಿ ಅಬೀಗೈಲಳ ಗಂಡ ಯೆತೆರನೂ ಇಷ್ಮಾಯೇಲ್ಯ. ಯೆಹೋಷಾಫಾಟ ಅರಸನಿಗೆ ಅರಬರು 7,700 ಟಗರು, 7,700 ಹೋತ ತಂದುಕೊಟ್ಟರು ಅಂತ ಎರಡನೇ ಪೂರ್ವಕಾಲವೃತ್ತಾಂತ 17ರಲ್ಲಿದೆ. ಕೆಲವು ಅಧ್ಯಾಯ ದಾಟಿದರೆ ಅದೇ ಅರಬರು ಯೆಹೋಷಾಫಾಟನ ಮಗನ ಮೇಲೆ ದಾಳಿ ಮಾಡುತ್ತಾರೆ. ಯೆಶಾಯ 60ರಲ್ಲಿ ಕೇದಾರಿನ ಮಂದೆಗಳು ದೇವರ ಯಜ್ಞವೇದಿಗೆ ಬರುತ್ತವೆ, ದೇವರು ಅವನ್ನು ಮೆಚ್ಚುತ್ತಾನೆ. ಒಂದೇ ಊರಿನ ಅಕ್ಕಪಕ್ಕದ ಮನೆಯವರ ನಂಟು, ಜಗಳ, ಎರಡೂ ಇತ್ತು ಅಲ್ವಾ? ಇಂದಿನ ಇಸ್ರೇಲ್–ಪ್ಯಾಲೆಸ್ತೀನ್ ಜಗಳಕ್ಕೆ ಹತ್ತೊಂಬತ್ತು, ಇಪ್ಪತ್ತನೇ ಶತಮಾನದ ಕಾರಣಗಳಿವೆ. ಅದಕ್ಕೆ ಗೆಷೆಮನನ್ನು ಸಾಕ್ಷಿ ಕರೆದರೆ ನಾವೂ ಸನ್ಬಲ್ಲಟನ ಹಾಗೆ ಅವನ ಹೆಸರನ್ನು ನಮ್ಮ ಕಾಗದಕ್ಕೆ ಸೇರಿಸಿದ ಹಾಗಾಗುತ್ತದೆ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಮೂವರಲ್ಲಿ ದೇವರ ವಿಷಯದಲ್ಲಿ ನಿಜವಾದ ಹೊರಗಿನವನು ಗೆಷೆಮ್ ಒಬ್ಬನೇ. ಈಜಿಪ್ಟಿನ ಎಲಿಫೆಂಟೀನ್ ದ್ವೀಪದಲ್ಲಿದ್ದ ಯೆಹೂದ್ಯರು ಕ್ರಿ.ಪೂ. 407ರಲ್ಲಿ ಯೆಹೂದದ ಅಧಿಪತಿಗೆ ಬರೆದ ಮನವಿ ಸಿಕ್ಕಿದೆ. ಅದರಲ್ಲಿ ಸಮಾರ್ಯದ ಅಧಿಪತಿ ಸನ್ಬಲ್ಲಟನ ಇಬ್ಬರು ಮಕ್ಕಳ ಹೆಸರಿದೆ: ದೆಲಾಯ, ಶೆಲೆಮ್ಯ. ಎರಡೂ ಯೆಹೋವನ ಹೆಸರು ಸೇರಿದ ಹೆಸರುಗಳು. ಟೋಬೀಯನ ಹೆಸರೂ ಹಾಗೇ. ಅವರಿಬ್ಬರ ಜೊತೆ ಜಗಳ ಮನೆಯೊಳಗಿನದು, ದೇವಾಲಯದಲ್ಲಿ ಯಾರಿಗೆ ಪಾಲು, ಯಾರ ಮಗಳು ಯಾರ ಸೊಸೆ ಅನ್ನುವುದು. ಅದಕ್ಕೇ ಅದು 13ನೇ ಅಧ್ಯಾಯದವರೆಗೂ ಎಳೆಯಿತು, ನೆಹೆಮೀಯನ ಪ್ರಾರ್ಥನೆಯಲ್ಲೂ ನುಸುಳಿತು. ಗೆಷೆಮನಿಗೆ ಯೆರೂಸಲೇಮಿನಲ್ಲಿ ಬೀಗರಿಲ್ಲ, ಕೊಠಡಿ ಇಲ್ಲ, ಆಸೆಯೂ ಇರಲಿಲ್ಲ.

ಗೋಡೆ ಮುಗಿದ ಮೇಲೆ ಅವನು ಏನಾದ ಅಂದರೆ, ಬೈಬಲ್ ಅವನನ್ನು ಅಲ್ಲಿಗೇ ಬಿಡುತ್ತದೆ. 6:6ರ ನಂತರ ಒಂದು ಮಾತೂ ಇಲ್ಲ. ಶೂಷನ್‌ಗೆ ದೂರು ಹೋದ ಸುಳಿವು ಇಲ್ಲ. ನೆಹೆಮೀಯ ಹನ್ನೆರಡು ವರ್ಷ ಅಧಿಪತಿಯಾಗಿದ್ದ ಅಂತ 5:14 ಹೇಳುವುದರಿಂದ, ದಂಗೆಯ ಆರೋಪ ರಾಜನ ಕಿವಿಗೆ ಬಿದ್ದಿದ್ದರೂ ಅವನು ಅದನ್ನು ನಂಬಲಿಲ್ಲ ಅನ್ನುವುದಂತೂ ಸ್ಪಷ್ಟ. ಗೆಷೆಮನಿಗೂ ದೊಡ್ಡ ನಷ್ಟ ಆದ ಹಾಗೆ ಕಾಣುವುದಿಲ್ಲ. ಆ ಬಟ್ಟಲನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅವನ ಮಗ ಅರಸನೇ ಆಗಿದ್ದ, ಈಜಿಪ್ಟಿನ ಬಾಗಿಲಲ್ಲಿ ದೇವಿಗೆ ಬೆಳ್ಳಿ ಕೊಡುವಷ್ಟು ಅನುಕೂಲವಾಗಿಯೂ ಇದ್ದ. ಆಮೇಲೆ ಕೇದಾರಿನ ಹೆಸರು ನಿಧಾನವಾಗಿ ಮರೆಯಾಗುತ್ತದೆ. ಕ್ರಿ.ಪೂ. 312ರಲ್ಲಿ ಗ್ರೀಕ್ ಸೇನಾಪತಿ ಆಂಟಿಗೋನಸ್ ಧೂಪದ ದಾರಿಗೆ ಕೈ ಹಾಕಲು ದಂಡು ಕಳಿಸಿದಾಗ ಅದನ್ನು ಬಡಿದು ಓಡಿಸಿದವರು ಬೇರೆ ಅರಬರು, ನಬಾತಿಯರು. ಪೆಟ್ರಾ ಕಟ್ಟಿದವರು ಅವರೇ.